ಎರಡನೇ ಟ್ರ್ಯಾಕಿನ ಯಜಮಾನರು

ಹೆಡ್‌ಫೋನಿನ ಎಡಗಡೆ ಬೆಳಗ್ಗೆಯೇ ಪ್ರಾಣ ಬಿಟ್ಟಿತು. ಒಂದೇ ಕಿವಿಯಲ್ಲಿ ಆಗುವ ಕೆಲಸವಲ್ಲ. ವಿಧಿಯಿಲ್ಲದೆ ಆಕೆ ಲ್ಯಾಪ್‌ಟಾಪಿಗೆ ಹಳೆಯ ಸ್ಪೀಕರ್ ಸಿಕ್ಕಿಸಿದಳು.

ಬ್ರೌಸರಿನಲ್ಲೇ ಹಾಡು ಜೋಡಿಸುವ ಆ್ಯಪ್ ಒಂದನ್ನು ಮನೆಯಲ್ಲೇ ಕೂತು ಪರೀಕ್ಷಿಸುವುದು ಆಕೆಯ ಉದ್ಯೋಗ. ಎರಡು ಟ್ರ್ಯಾಕಿನ ದನಿ ಬೆರೆಸಿದಾಗ ಒಂದು ಇನ್ನೊಂದನ್ನು ನುಂಗಬಾರದು. ಅದಕ್ಕೊಂದು ಸ್ವಯಂಚಾಲಿತ ಪರೀಕ್ಷೆ ಬರೆದಿದ್ದಳು. ಆಫೀಸಿನಲ್ಲಿ ಯಾರು ಆ್ಯಪಿನಲ್ಲಿ ಏನು ತಿದ್ದಿದರೂ ಅದು ಆಕೆಯ ಲ್ಯಾಪ್‌ಟಾಪಿನಲ್ಲಿ ತಾನಾಗಿಯೇ ಶುರುವಾಗಿ, ದನಿಗಳನ್ನು ಏರಿಸಿ ಇಳಿಸಿ ಅಳೆಯುತ್ತಿತ್ತು. ಮೊದಲ ಟ್ರ್ಯಾಕಿಗೆ ಒಂದು ಹೆಣ್ಣುದನಿ, ಎರಡನೆಯದಕ್ಕೆ ಒಂದು ಗಂಡುದನಿ ಬೇಕಿತ್ತು. ಕೇಳೋಣವೆಂದರೆ ಯಾರೂ ಇಲ್ಲ. ಎರಡನ್ನೂ ತಾನೇ ಹೇಳಿ, ಒಂದನ್ನು ದಪ್ಪಗೆ ಮಾಡಿಕೊಂಡಿದ್ದಳು. "ಊಟ ಆಯ್ತಾ?" ಅನ್ನುತ್ತಿತ್ತು ಹೆಣ್ಣುದನಿ. "ನಂದಾಯ್ತು, ನಿಂದು?" ಅನ್ನುತ್ತಿತ್ತು ಗಂಡುದನಿ. ಇಡೀ ದಿನದಲ್ಲಿ ಆಕೆಯ ಊಟ ವಿಚಾರಿಸುತ್ತಿದ್ದುದು ಅದೊಂದೇ. ಕೆಲವು ಸಲ "ಇನ್ನೂ ಇಲ್ಲ" ಎಂದು ಉತ್ತರವನ್ನೂ ಕೊಟ್ಟುಬಿಡುತ್ತಿದ್ದಳು.

ಹನ್ನೊಂದಕ್ಕೆ ಯಾರೋ ಬಾಗಿಲು ಬಡಿದರು. ಬಾಡಿಗೆಗೆ ಬಂದು ಎರಡು ವರ್ಷವಾಗಿತ್ತು, ಅದೇ ಮೊದಲು. ನೋಡಿದರೆ ಎದುರುಮನೆಯಮ್ಮ, ಮುಖ ಮೊರದಗಲ.

"ಯಜಮಾನ್ರು ಬಂದಿದಾರೆ, ಒಂದು ಮಾತು ಹೇಳೋದು ಬೇಡ್ವಾ? ದನಿ ಕೇಳಿಸ್ತು. ನಿಂದಾಯ್ತಾ ನಿಂದಾಯ್ತಾ ಅಂತ ಎಷ್ಟು ಸಲ ಕೇಳ್ತಾರೆ ಪಾಪ! ನಮ್ಮನೆಯವರು ಮೂವತ್ತು ವರ್ಷದಲ್ಲಿ ಒಂದ್ಸಲ ಕೇಳಿಲ್ಲ. ಮಧ್ಯಾಹ್ನ ಅಡುಗೆ ಮಾಡ್ಬೇಡಿ, ನಾನೇ ತರ್ತೀನಿ. ಎಲ್ಲಾ ಒಟ್ಟಿಗೆ ಕೂತು ಊಟ ಮಾಡೋಣ."

ನಿಜ ಹೇಳಲೆಂದೇ ಆಕೆ ಬಾಯಿ ತೆರೆದಳು. ಆದರೆ ‘ಎಲ್ಲಾ ಒಟ್ಟಿಗೆ’ ಅನ್ನುವ ಮಾತು ಅಡ್ಡ ಬಂತು.

"ಸ್ನಾನಕ್ಕೆ ಹೋಗಿದಾರೆ" ಎಂದುಬಿಟ್ಟಳು.

ಒಂದು ಗಂಟೆಗೆ ಎದುರುಮನೆಯಮ್ಮ ಕ್ಯಾರಿಯರ್ ಸಮೇತ ಬಂದರು. ಹಿಂದೆಯೇ ಅವರ ಗಂಡ, ನಿವೃತ್ತ ಪೋಸ್ಟ್‌ಮಾಸ್ಟರ್, ಕಂಕುಳಲ್ಲಿ ಚೆಸ್ ಬೋರ್ಡ್.

"ಎಲ್ಲಮ್ಮಾ ನಿಮ್ಮ ಯಜಮಾನ್ರು?" ಎಂದರು ಪೋಸ್ಟ್‌ಮಾಸ್ಟರ್.

"ಒಳಗಿದಾರೆ. ಸ್ವಲ್ಪ ಸಂಕೋಚದವರು."

ಅದೇ ಹೊತ್ತಿಗೆ ಆಫೀಸಿನಲ್ಲಿ ಯಾರೋ ಏನನ್ನೋ ತಿದ್ದಿದರು. ಪರೀಕ್ಷೆ ಶುರುವಾಯಿತು, ಹೆಣ್ಣುದನಿಯನ್ನು ಪೂರ್ತಿ ಅಡಗಿಸಿ ಗಂಡುದನಿಯನ್ನಷ್ಟೇ ಅಳೆಯುವ ಭಾಗ. ಕೋಣೆಯ ಮುಚ್ಚಿದ ಬಾಗಿಲಿನಾಚೆಯಿಂದ ಮೆಲ್ಲಗೆ ಬಂತು: "ನಂದಾಯ್ತು, ನಿಂದು?"

"ಇಲ್ಲ ಸಾರ್, ನಿಮ್ಜೊತೆ ಮಾಡೋಣಾಂತ ಬಂದ್ವಿ" ಎಂದರು ಪೋಸ್ಟ್‌ಮಾಸ್ಟರ್.

"ನಂದಾಯ್ತು, ನಿಂದು?" ಈ ಸಲ ಜೋರಾಗಿ.

"ಇಲ್ಲಾ ಅಂದ್ನಲ್ಲ ಸಾರ್!"

"ನಂದಾಯ್ತು, ನಿಂದು?" ಕಿಟಕಿ ಗಾಜು ನಡುಗಿತು. ಆಮೇಲೆ ದನಿ ಬಾವಿಗೆ ಬಿದ್ದ ಬಿಂದಿಗೆಯಂತೆ ಇಳಿದಿಳಿದು ಮುಳುಗಿ, ಮತ್ತೆ ಎದ್ದಿತು. ಹೀಗೆ ಹದಿನೇಳು ಸಲ.

ಗಂಡಹೆಂಡಿರು ಮುಖ ಮುಖ ನೋಡಿಕೊಂಡರು. ಆಕೆಗೆ ತಡೆಯಲಾಗಲಿಲ್ಲ.

"ನಿಜ ಹೇಳ್ಬಿಡ್ತೀನಮ್ಮಾ, ನಂಗೆ ಗಂಡನೇ ಇಲ್ಲ. ಅದು ನನ್ನದೇ ದನಿ! ಬನ್ನಿ, ತೋರಿಸ್ತೀನಿ."

ಎದುರುಮನೆಯಮ್ಮನ ಕಣ್ಣು ತುಂಬಿತು. ಆಕೆಯನ್ನು ಬಾಚಿ ತಬ್ಬಿಕೊಂಡರು. "ಗಂಡನೇ ಇಲ್ಲ ಅನ್ನೋ ಅಷ್ಟು ನೊಂದಿದೀಯಾ ಮಗಳೇ? ಎಷ್ಟು ಸಹಿಸ್ಕೊಂಡಿದೀಯೋ! ಬೇಡ, ಬಾಗಿಲು ತೆಗೀಬೇಡ. ಇಂಥವರು ಹೊಸಬರನ್ನ ಕಂಡ್ರೆ ಕೆರಳ್ತಾರೆ."

ಕ್ಯಾರಿಯರನ್ನು ಆಕೆಯ ಕೈಗಿಟ್ಟು ಇಬ್ಬರೂ ತುದಿಗಾಲಿನಲ್ಲಿ ಹೊರಟರು. ಮೆಟ್ಟಿಲ ಬಳಿ ಪೋಸ್ಟ್‌ಮಾಸ್ಟರ್ ಯಾರಿಗೋ ಪಿಸುಗುಡುತ್ತಿದ್ದರು: "ಆ ಮನೆಗೆ ಯಾರೂ ತೊಂದ್ರೆ ಕೊಡ್ಬೇಡಿ. ಎಲ್ಲಾ ಮಹಡಿಗೂ ಹೇಳಿ."

ನಾಲ್ವರಿಗಾಗುವಷ್ಟಿದ್ದ ಬಿಸಿ ಊಟದ ಮುಂದೆ ಆಕೆ ಒಬ್ಬಳೇ ಕೂತಳು. ಸಂಜೆ ಬಾಗಿಲು ಓರೆಮಾಡಿ ನೋಡಿದಾಗ, ಮೇಲಿನ ಮನೆಯವರು ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು ದಾಟಿಹೋಗುತ್ತಿದ್ದರು.