ಸೆಬುಹೋರೊ ಮುಚ್ಚಿದ ಕಿಂಡಿ

ಸಬಿನ್ಯೊ ಬೆಟ್ಟದ ಬುಡದಲ್ಲಿ ಕಾಡಿಗೂ ಆಲೂಗಡ್ಡೆ ಹೊಲಗಳಿಗೂ ನಡುವೆ ಕಲ್ಲುಗೋಡೆ ಇದೆ. ಹಿಂದೆ ಬೆಟ್ಟ ಬೆಂಕಿ ಕಾರಿದಾಗ ಬಿದ್ದ ಕರಿಕಲ್ಲುಗಳನ್ನು ಪೇರಿಸಿದ ಗೋಡೆ. ಕಾಡುಕೋಣ ಈಚೆ ಬರಬಾರದು, ಮೇಕೆ ಆಚೆ ಹೋಗಬಾರದು, ಅಷ್ಟಕ್ಕೇ. ಆ ಗೋಡೆಯ ಕಲ್ಲು ಕಿತ್ತು, ಅಲ್ಲಾದ ದೊಡ್ಡ ಕಿಂಡಿಗೆ ಬಿದಿರ ಸೊಪ್ಪು ಒಡ್ಡಿ, ಸೆಬುಹೋರೊ ತನ್ನ ಮೇಕೆಗಳಿಗೊಂದು ಕೊಟ್ಟಿಗೆ ಕಟ್ಟಿದ್ದ. ಎಂಥ ಕೊಟ್ಟಿಗೆ! ರಾಜರು ಕಂಡಿದ್ದರೆ ಮೇಕೆಗಳನ್ನು ಹೊರದೂಡಿ ತಾವೇ ಬಿಡಾರ ಹೂಡುತ್ತಿದ್ದರು.

ಶನಿವಾರ ಬೆಳಗ್ಗೆ ನೆರೆಮನೆಯ ನ್ಯಿರಾಹಾಬಿ ಬೇಲಿಯಾಚೆಯಿಂದ ಕೂಗಿದಳು.

"ಇವತ್ತು ಉಮುಗಾಂಡಾ ಕಣೋ! ಊರೆಲ್ಲ ಸೇರಿ ಗೋಡೆ ರಿಪೇರಿ. ನಿನ್ನ ಹೊಲದಿಂದ್ಲೇ ಶುರುವಂತೆ. ಕಲ್ಲು ಕದ್ದೋನು ಸಿಕ್ರೆ ಮುಖಂಡ್ರು ಊರ ಮುಂದೆ ಮರ್ಯಾದೆ ತೆಗೀತಾರಂತೆ."

ಸೆಬುಹೋರೊ ಕುಡಿಯುತ್ತಿದ್ದ ಗಂಜಿ ಮೂಗಿಗೇರಿತು. "ತೆಗೀಲಿ ಅಕ್ಕ, ತೆಗೀಲಿ! ಅಂಥೋರನ್ನ ಬಿಡಬಾರ್ದು."

ಅವಳು ಅತ್ತ ಹೋಗಿದ್ದೇ ತಡ, ಮೇಕೆಗಳನ್ನು ಬಿಚ್ಚಿ ಬಿಟ್ಟು ಕೊಟ್ಟಿಗೆ ಕೆಡವಿದ. ಮಂಜು ಎಷ್ಟು ದಟ್ಟವೆಂದರೆ ಕುಡುಗೋಲಿನಿಂದ ಕೊಯ್ದು ಹೊರೆ ಕಟ್ಟಬಹುದಿತ್ತು. ಸೊಪ್ಪು ಸರಿಸಿ, ಕಲ್ಲು ಹೊತ್ತು, ಹೊತ್ತು, ಕಿಂಡಿಯನ್ನು ಎಷ್ಟು ಬಿಗಿಯಾಗಿ ಮುಚ್ಚಿದನೆಂದರೆ ಇನ್ನು ಇರುವೆಯೂ ಗಡಿಯಾಚೆಯ ಉಗಾಂಡಾ ಸುತ್ತಿಯೇ ಬರಬೇಕು.

ಊರವರು ಬಂದಾಗ ಮಂಜು ಸರಿಯಿತು. ಸಬಿನ್ಯೊ ಮುದುಕನ ಹಲ್ಲಿನಂಥ ತನ್ನ ಮೊನಚು ಶಿಖರಗಳನ್ನೆಲ್ಲ ತೋರಿಸಿ ನಕ್ಕಿತು. ಹೊಲದ ನಡುವೆ, ಕೊಂಬಿನ ಮೇಲೆ ಆಲೂಗಡ್ಡೆ ಹೂ ಮುಡಿದು, ಚರ್ಚಿನಷ್ಟು ದೊಡ್ಡ ಕಾಡುಕೋಣ ನಿಂತಿತ್ತು!

ಅದು ಬಂದ ದಾರಿಗೇ ಓಡಿತು. ದಾರಿಯಿಲ್ಲ. ಗೋಡೆಗೆ ಗುದ್ದಿತು, ಗೋಡೆ ಅಲುಗಲಿಲ್ಲ. ಸಿಟ್ಟಿಗೆದ್ದು ಜನರತ್ತ ತಿರುಗಿತು. ಮರುಕ್ಷಣ ಇಡೀ ಊರು ನೀಲಗಿರಿ ಮರಗಳ ಮೇಲಿತ್ತು. ಬಿದಿರುಮೆಳೆಯ ಹೊಂಬಣ್ಣದ ಕೋತಿಗಳು ಇವರಿಂದ ಕಲಿಯಲು ಸಾಲಾಗಿ ಕೂತವು.

"ಇದು ಒಳಗೆ ಬಂದಿದ್ದಾದ್ರೂ ಹೆಂಗಪ್ಪಾ?" ಕೊಂಬೆ ತಬ್ಬಿಕೊಂಡ ಮುಖಂಡ ರ್ವಾಬುಕುಂಬಾ ಕೇಳಿದ.

"ಹಾರ್ಕೊಂಡು ಬಂದಿರ್ಬೇಕು, ಮುಖಂಡ್ರೇ," ಮೇಲಿನ ಕೊಂಬೆಯಿಂದ ಸೆಬುಹೋರೊ ಹೇಳಿದ.

ಕೋಣ ಹೊಲವನ್ನೆಲ್ಲ ರೊಟ್ಟಿ ತಟ್ಟಿದಂತೆ ತಟ್ಟಿ, ಕೊನೆಗೆ ಹಳ್ಳದ ಬಳಿ ಗೋಡೆ ಕುಸಿದಿದ್ದಲ್ಲಿ ನುಗ್ಗಿ ಕಾಡು ಸೇರಿತು. ಊರವರು ಇಳಿದು ಅದನ್ನೂ ಮುಚ್ಚಿದರು.

"ಕೋಣ ಗುದ್ದಿದ್ರೂ ಅಲುಗ್ಲಿಲ್ವಲ್ಲೋ ನಿನ್ನ ಹೊಲದ ಗೋಡೆ!" ಮುಖಂಡ ಅವನ ಬೆನ್ನು ತಟ್ಟಿದ. "ಇನ್ಮೇಲೆ ಗೋಡೆ ಕಾವಲು ನಿಂದೇ. ಕಲ್ಲು ಕಿತ್ತೋರು, ಕಾಡಿಗೆ ಮೇಕೆ ಬಿಟ್ಟೋರು ಯಾರೇ ಆಗ್ಲಿ, ಕತ್ತಿನ ಪಟ್ಟಿ ಹಿಡಿದು ಎಳ್ಕೊಂಡು ಬಾ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಸೆಬುಹೋರೊನ ಎದೆ ಬೆಟ್ಟಕ್ಕಿಂತ ಒಂದು ಗೇಣು ಮೇಲೆದ್ದಿತು.

ಆಗ ಗೋಡೆಯ ಆಚೆಯಿಂದ, ಕಾಡಿನೊಳಗಿಂದ ಕೇಳಿಸಿತು: "ಮೇ...ಏ..."

"ಅಯ್ಯೋ, ನಿನ್ನ ಕುಂಟಮೇಕೆ ದನಿ ಅಲ್ವೇನೋ ಅದು?" ನ್ಯಿರಾಹಾಬಿ ಕಿವಿ ನಿಮಿರಿಸಿದಳು. "ಅಂದ ಹಾಗೆ, ನಿನ್ನ ಕೊಟ್ಟಿಗೆ ಎಲ್ಲಿ?"

ಚಪ್ಪಾಳೆ ನಿಂತಿತು. ಹೊಸ ಕಾವಲುಗಾರ ನಿಧಾನವಾಗಿ ಕೈಯೆತ್ತಿ ತನ್ನದೇ ಕತ್ತಿನ ಪಟ್ಟಿ ಹಿಡಿದುಕೊಂಡ.