ಆನೆಯ ಮನಸ್ಸಿನಲ್ಲಿ ಏನಿದೆ?

ನನ್ನ ಮೊಮ್ಮಗಳು ಮಾನಸಿ ಕಚ್ಚುತ್ತಾಳೆ. ವಯಸ್ಸು ನಾಲ್ಕು, ಹಲ್ಲು ಪೂರ್ತಿ. ಡೊಂಬಿವಲಿಯ ರೈಲು ಹಳಿ ಪಕ್ಕದ ಬಾಲವಾಡಿಯಲ್ಲಿ ಯತಿನ್ ಎಂಬ ಹುಡುಗ ಇವಳ ಕಿಟಕಿಬದಿಯ ಕುರ್ಚಿಯಲ್ಲಿ ಕೂತ; ಇವಳು ಅವನ ಮುಂಗೈ ಮೇಲೆ ತನ್ನ ಹಕ್ಕೊತ್ತಾಯವನ್ನು ದಾಖಲಿಸಿದಳು. ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಖುಷಿಯಾಯಿತು. ವಾಗ್ಳೆ ಎಸ್ಟೇಟಿನ ಕಾರ್ಖಾನೆ ಗೇಟಿನಲ್ಲಿ ಅರ್ಧ ಆಯುಷ್ಯ ಘೋಷಣೆ ಕೂಗಿ, ಪೊಲೀಸರ ಲಾಠಿಗೆ ಕುಂಡೆ ಕೊಟ್ಟವನು ನಾನು. ರಕ್ತ ಸುಮ್ಮನಿರುತ್ತದೆಯೇ?

ಟೀಚರ್ ವೈಶಾಲಿ (ಬಿಜಾಪುರದ ಕಡೆಯವರು, ಮಾತಿಗೆ ಸಕ್ಕರೆ ಹಾಕುವ ಅಭ್ಯಾಸವಿಲ್ಲ) ಕರೆಸಿ ಹೇಳಿದರು: "ಇನ್ನೊಮ್ಮೆ ಕಚ್ಚಿದ್ಲಂದ್ರ ಹೆಸರು ತೆಗೀಬೇಕಾಗತೈತ್ರೀ ಅಜ್ಜಾರ. ಉಳಿದ ತಾಯಂದ್ರು ನನ್ನ ಜೀವಾ ತಿನ್ನಾಕತ್ಯಾರ."

ಬಾಲವಾಡಿ ಹೋದರೆ ನನ್ನ ಮಗಳು ರಮಿತಾಳ ಮಹಾಪೆಯ ಕಾಲ್ ಸೆಂಟರ್ ಕೆಲಸವೂ ಹೋದಂತೆ. ನನ್ನ ಹೆಂಡತಿ ಲೋಲಾಕ್ಷಿಗೆ ಮಂಡಿನೋವು, ದಿನವಿಡೀ ಮಗುವಿನ ಹಿಂದೆ ಓಡಲಾರಳು. "ನಾನಿದ್ದೇನಲ್ಲ, ನೋಡಿಕೊಳ್ಳುತ್ತೇನೆ" ಎಂದೆ. ತಾಯಿ, ಮಗಳು ಒಟ್ಟಿಗೇ "ಬೇಡ!" ಎಂದರು. ಇಂಥ ಒಗ್ಗಟ್ಟು ನಮ್ಮ ಕಾರ್ಖಾನೆಯಲ್ಲಿ ಇದ್ದಿದ್ದರೆ ಬೋನಸ್ ಎಂದೋ ಸಿಗುತ್ತಿತ್ತು.

ಟೀಚರ್ ಮದ್ದೆಂದು ಒಂದು ಚಿತ್ರಪುಸ್ತಕ ಕೊಟ್ಟರು. ಬೆಂಚಿನ ತುಂಬ ಹರಡಿಕೊಂಡು ಕೂತ ಆನೆ, ಪಕ್ಕದಲ್ಲಿ ನಿಂತೇ ಇರುವ ಅಳಿಲು. "ಓದ್ತಾ ಓದ್ತಾ ನಿಲ್ಲಸ್ರಿ. 'ಇದರ ಮನಸ್ಸಿನಾಗ ಈಗ ಏನೈತಿ?' ಅಂತ ಕೇಳ್ರಿ. ಕೇಳಿ ಸುಮ್ಮನಿರ್ರಿ." ಪರಚಿತ್ತಪ್ರವೇಶವೆಂಬ ಈ ಮಹಾವಿದ್ಯೆಯ ಆಚಾರ್ಯಪೀಠವನ್ನು ನಾನೇ ಅಲಂಕರಿಸಿದೆ. ಸುಮ್ಮನಿರುವ ಭಾಗಕ್ಕೆ ಅಷ್ಟು ಗಮನ ಕೊಡಲಿಲ್ಲ.

"ಮಾನಸಿ, ಆನೆಯ ಮನಸ್ಸಿನಲ್ಲಿ ಏನಿದೆ?"

ಅವಳು ಬಾಯಿ ತೆರೆಯುವ ಮೊದಲೇ ನಾನೇ ಹೇಳಿದೆ: "ಲಾಭ! ಬೆಂಚು ಪೂರ್ತಿ ತನಗೇ ಬೇಕು. ಅಳಿಲು ಏನು ಮಾಡಬೇಕು? ಸಂಘಟಿತರಾಗಬೇಕು!"

"ನಹೀ ಅಜ್ಜ. ಆನೆಗೆ ಪಾಯ್, ಕಾಲು ನೋವು. ನೋಡಿ, ಮುಖ ಹೀಗೆ ಮಾಡಿದೆ."

"ಅದು ನಾಟಕ" ಎಂದು ಪುಟ ತಿರುಗಿಸಿದೆ.

ದಿನಾ ಸಂಜೆ ಆನೆಯಿಂದ ಹೊರಟು ಬೋನಸ್, ಲಾಕೌಟ್, ಮಾಜಿವಾಡಾದ ಮೋರ್ಚಾ ಎಲ್ಲ ಸುತ್ತಿ ಬರುತ್ತಿದ್ದೆ. ಮಾನಸಿ ಗಲ್ಲಕ್ಕೆ ಕೈಕೊಟ್ಟು ಕೇಳುತ್ತಿದ್ದಳು. ನಡುನಡುವೆ ನನ್ನ ಮಂಡಿ ತಟ್ಟುತ್ತಿದ್ದಳು. ಆಹಾ, ಕಾರ್ಯಕರ್ತೆ ತಯಾರಾಗುತ್ತಿದ್ದಾಳೆ ಎಂದು ಬೀಗಿದೆ.

ಲೋಲಾಕ್ಷಿ ಸೌಟು ಹಿಡಿದೇ ಬಂದಳು. "ಮಗುವಿಗೆ ಕತೆ ಓದುದಾ, ಗೇಟ್ ಮೀಟಿಂಗ್ ಮಾಡುದಾ ಮಾರಾಯ್ರೇ?"

"ಹೇಗೆ ಅಲ್ಲಾಡದೆ ಕೇಳ್ತಾಳೆ ನೋಡು. ನೀನು ಒಮ್ಮೆಯಾದ್ರೂ ಹಾಗೆ ಕೇಳಿದ್ದುಂಟಾ?"

"ಕೇಳ್ತಾ ಕೂತಿದ್ರೆ ಗಂಜಿ ಯಾರು ಬೇಯಿಸುದು? ನಿಮ್ಮ ಯೂನಿಯನಾ?"

ಒಂದು ಶುಕ್ರವಾರ ಬಾಲವಾಡಿಯಿಂದ ಕರೆ ಬಂತು. ಕಚ್ಚಿಯೇ ಬಿಟ್ಟಳು, ರಮಿತಾಳ ಕೆಲಸ ಮುಗಿಯಿತು ಎಂದುಕೊಂಡು ಇಬ್ಬರೂ ಓಡಿದೆವು. ಮಂಡಿನೋವಿನ ಲೋಲಾಕ್ಷಿಯೇ ನನಗಿಂತ ಮುಂದೆ.

ಟೀಚರ್ ಬಾಗಿಲಲ್ಲೇ ನಿಂತಿದ್ದರು. "ಯತಿನ್ ಮತ್ತ ಅದೇ ಕುರ್ಚಿ ಮ್ಯಾಲ ಕುಂತ. ಇಕಿ ಬಾಯಿ ತೆಗದ್ಲು, ನಾ ಓಡಿದೆ. ಅಷ್ಟರಾಗ ಬಾಯಿ ಮುಚ್ಚಿ, ಅವನ ಮಾರಿ ನೋಡಿ, 'ತೇರೇಕೋ ಭೀ ಟ್ರೇನ್ ದೇಖನೇಕಾ ಹೈ ಕ್ಯಾ?' ಅಂದ್ಲು, ನಿನಗೂ ರೈಲು ನೋಡೂದೈತೇನು ಅಂತ. ಅಲ್ಲಿ ನೋಡ್ರಿ."

ಒಂದೇ ಕುರ್ಚಿಯಲ್ಲಿ ಇಬ್ಬರೂ ಅರ್ಧರ್ಧ ಕುಂಡೆ ಇಟ್ಟು, ಕಿಟಕಿಯಾಚೆ ಹೋಗುವ ಕಲ್ಯಾಣ್ ಲೋಕಲಿಗೆ ಕೈ ಬೀಸುತ್ತಿದ್ದರು. ಲೋಲಾಕ್ಷಿ ಕಣ್ಣೊರೆಸಿಕೊಂಡಳು. ನಾನು ಗಂಟಲು ಸರಿಮಾಡಿಕೊಂಡೆ.

"ನೋಡಿ ಟೀಚರ್, ಇದರ ಹಿಂದೆ ನನ್ನ ಇಷ್ಟು ವರ್ಷಗಳ..."

"ತಡೀರಿ ಅಜ್ಜಾರ. ಮಾನಸಿ, ಬಾ ಇಲ್ಲಿ. ಮನ್ಯಾಗ ಕತಿ ಯಾರು ಓದ್ತಾರ?"

"ಅಜ್ಜಿ."

"ಎಂತ? ದಿನಾ ಸಂಜೆ ನಾನು..."

"ಅಜ್ಜ ಭಾಷಣ್ ದೇತಾ ಹೈ. ಆಮೇಲೆ ಅಜ್ಜಿ ಕಿಚನಲ್ಲಿ ಓದ್ತಾರೆ. ಅಜ್ಜಿ ಕೇಳಿ ಚುಪ್ ಕೂರ್ತಾರೆ."

ಲೋಲಾಕ್ಷಿ ಫ್ಯಾನನ್ನು ಬಹಳ ಆಸಕ್ತಿಯಿಂದ ನೋಡತೊಡಗಿದಳು.

"ಮತ್ತೆ ನೀನು ಅಲ್ಲಾಡದೆ ನನ್ನ ಮಾತು ಕೇಳಿದ್ದು?"

ಮಾನಸಿ ನನ್ನ ಮುಖವನ್ನು ಪುಸ್ತಕದ ಪುಟ ನೋಡುವಂತೆ ನೋಡಿದಳು. "ಅಜ್ಜನ ಮೀಟಿಂಗಿಗೆ ಬೇರೆ ಯಾರೂ ಬರುದಿಲ್ಲ. ನಾನೂ ಉಠ್‌ಕೇ ಹೋದ್ರೆ ಅಜ್ಜನಿಗೆ ಬೇಜಾರ್."

ಪೊಲೀಸರ ಲಾಠಿಯೂ ಇಷ್ಟು ಸರಿಯಾದ ಜಾಗಕ್ಕೆ ಬಿದ್ದಿರಲಿಲ್ಲ.

"ಈಕಿ ಹೆಸರು ತೆಗ್ಯಾಂಗಿಲ್ಲ ಬಿಡ್ರಿ" ಎಂದರು ಟೀಚರ್. "ಆದ್ರ ಸೀಟ್ ಖಾಲಿ ಅದಾವು. ನೀವೂ ಬಂದು ಕುಂದರ್ರಿ."

ಮನೆಗೆ ಹೊರಟೆವು. ಮಾನಸಿ ಬೆರಳು ಜಗ್ಗಿದಳು.

"ಅಜ್ಜ, ಇವತ್ತು ಭಾಷಣ್?"

"ಇಲ್ಲ. ರಜೆ."

ಅವಳು ತಲೆಯೆತ್ತಿ ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು.

"ಮಾಡಿ ಅಜ್ಜ," ಎಂದಳು. "ಛೋಟಾವಾಲಾ."