ಸಂಜೆ ಐದಕ್ಕೆ ಕುಕೀಸ್ ಕ್ಲಿಯರ್

ಯಾವ ಅಪರಾಧವನ್ನೂ ಮಾಡದೆ ದಿನಾಲೂ ಸಾಕ್ಷ್ಯ ನಾಶ ಮಾಡುವ ಮನುಷ್ಯ ಪುಣೆಯಲ್ಲಿ ಒಬ್ಬರೇ ಇದ್ದಾರೆ. ಅವರು ನನ್ನ ಸೋದರಮಾವ!

ಸಂಜೆ ಐದಾಯಿತೆಂದರೆ ಮಾವ ಕೈಕಾಲು ತೊಳೆದು, ಟ್ಯಾಬ್ ತೊಡೆಯ ಮೇಲಿಟ್ಟುಕೊಂಡು, ಆ ದಿನ ನೋಡಿದ ಪುಟಗಳ ಪಟ್ಟಿಯನ್ನೂ ಕುಕೀಸನ್ನೂ ಅಳಿಸಲು ಕೂರುತ್ತಾರೆ. ಕುಕೀಸ್ ಅಂದರೆ ನಾವು ಹೊಕ್ಕು ಬಂದ ಜಾಲತಾಣ ಮುಂದೆ ನಮ್ಮ ಗುರುತು ಹಿಡಿಯಲೆಂದು ನಮ್ಮಲ್ಲೇ ಬಿಟ್ಟುಹೋಗುವ ಚೀಟಿ. ಅಷ್ಟು ಗುಟ್ಟಾಗಿ ಮಾವ ನೋಡುವುದಾದರೂ ಏನು? ಒಮ್ಮೆ ನಾನೇ ಪರಿಶೀಲಿಸಿದೆ. ಪುಣೆಯ ಹವಾಮಾನ, ಹೀರೇಕಾಯಿ ಸಿಪ್ಪೆಯ ಚಟ್ನಿ, ಮತ್ತೆ ಪುಣೆಯ ಹವಾಮಾನ.

ಎಲ್ಲಕ್ಕೂ ಮೂಲ ಮೊಣಕಾಲಿಗೆ ಕಟ್ಟುವ ಒಂದು ಪಟ್ಟಿ. ಮಾವ ಅದನ್ನು ಒಂದೇ ಸಲ ಹುಡುಕಿದ್ದರು. ಆಮೇಲೆ ತಿಂಗಳಿಡೀ ಟ್ಯಾಬಿನಲ್ಲಿ ಪತ್ರಿಕೆ ತೆರೆದರೂ ಮೊಣಕಾಲಿನ ಜಾಹೀರಾತು, ಪಂಚಾಂಗ ತೆರೆದರೂ ಮೊಣಕಾಲು! ಭೋಸರಿಯ ಕಾರ್ಖಾನೆಯೊಂದರ ಗೇಟಿನಲ್ಲಿ ಕೂತು, ಮನೆಗೆ ಹೊರಟವರ ಊಟದ ಡಬ್ಬಿ ತೆಗೆಸಿ ನೋಡಿ ನಿವೃತ್ತರಾದವರು ಮಾವ. ಅವರಿಗೆ ರೇಗಿತು.

"ಮೂವತ್ತ ವರ್ಷ ನಾ ಮಂದಿ ಡಬ್ಬಿ ನೋಡೀನಿ. ನನ್ನ ಡಬ್ಬಿ ನೋಡಾಕ ಇವರ‍್ಯಾರು?"

ಅಂದಿನಿಂದ ಅನುಮತಿ ಕೇಳುವ ಯಾವ ಜಾಲತಾಣವೂ ಮಾವನ ಕೈಯಲ್ಲಿ ಸುಲಭವಾಗಿ ಪಾರಾಗುವುದಿಲ್ಲ. ಸೋಲಾಪುರಕ್ಕೆ ಹೋಗುವ ರೈಲು ಎಷ್ಟು ಗಂಟೆಗೆ ಎಂದು ನೋಡಹೊರಟವರು ಶಿವಾಜಿನಗರ ನಿಲ್ದಾಣದ ಬೆಂಚಿನ ಮೇಲೆ ಕೂತು ಷರತ್ತುಗಳನ್ನೆಲ್ಲ ಓದಿ, 'ನಿರಾಕರಿಸು' ಒತ್ತಿ, ತಲೆಯೆತ್ತಿದರು. ರೈಲು ಆಗಷ್ಟೇ ಹೋಗಿತ್ತು. "ಹೋಗ್ಲಿ ಬಿಡಪಾ, ಸಹಿ ಅಂತೂ ಮಾಡಲಿಲ್ಲ" ಎಂದರು.

ಮುಂದಿನ ಹಂತದಲ್ಲಿ ಶತ್ರುವಿನ ದಾರಿ ತಪ್ಪಿಸತೊಡಗಿದರು. ಬೇಡದ ವಸ್ತುಗಳನ್ನೇ ಹುಡುಕುವುದು! ಒಂದು ಮಧ್ಯಾಹ್ನ ತೊಟ್ಟಿಲು ಹುಡುಕಿದರು. ಆಗಲೇ ವಿಮಾನ ನಗರದಿಂದ ಬೀಗತಿ, ಅಂದರೆ ಮಗಳ ಅತ್ತೆ, ಬಂದರು. ಟ್ಯಾಬ್ ತುಂಬ ತೊಟ್ಟಿಲುಗಳನ್ನು ಕಂಡು ಚಹಾಕ್ಕೂ ನಿಲ್ಲದೆ ಎದ್ದು ಹೋದರು. ಮರುದಿನ ಬಸುರಿ-ಬಾಣಂತಿಯರಿಗೆ ತಿನ್ನಿಸುವ ಅಂಟಿನುಂಡಿ ಒಂದು ಡಬ್ಬಿ ಹೊತ್ತು ಬಂದು, "ಸೊಸಿ ನನಗ ಯಾಕ ಹೇಳಲಿಲ್ಲ?" ಎಂದು ಕಣ್ಣೀರು ಹಾಕಿದರು. ಸೊಸೆಗೆ ಹೇಳುವ ಸುದ್ದಿಯೇ ಇರಲಿಲ್ಲ! ಮಾವ ಮಾತ್ರ ಬಾಯಿತುಂಬ ಉಂಡಿ ಇಟ್ಟುಕೊಂಡು, "ಕಂಪನಿಯವ್ರಿಗೆ ಹೆಂಗ ಹಾದಿ ತಪ್ಪಿಸಿದೆ ನೋಡು" ಎಂದರು. ಹಾದಿ ತಪ್ಪಿದ್ದು ಬೀಗತಿಯೊಬ್ಬರೇ ಎಂಬುದನ್ನು ದಾಖಲೆಗಾಗಿ ಹೇಳುತ್ತೇನೆ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಟ್ಯಾಬ್ ಒಂದೇ, ಬಳಸುವವರು ಇಬ್ಬರು. ಒಂಬತ್ತನೇ ಇಯತ್ತೆಗೆ ಶಾಲೆ ಬಿಟ್ಟು ಮದುವೆಯಾಗಿ ಬಂದ ನನ್ನ ಅತ್ತೆ, ಅಂದರೆ ಮಾವನ ಹೆಂಡತಿ, ಈ ವರ್ಷ ಹೊರಗಿನಿಂದ ಹತ್ತನೆಯ ತರಗತಿಯ ಪರೀಕ್ಷೆಗೆ ಕೂರುವ ಮನಸ್ಸು ಮಾಡಿದ್ದರು. ದಿನವೂ ಬೆಳಿಗ್ಗೆ ಒಂದು ಮರಾಠಿ ಜಾಲತಾಣದಲ್ಲಿ ಅಭ್ಯಾಸ. ಹೆಸರು ಕೇಳುತ್ತದೆ, ಪಾಠ ಶುರುವಾಗುತ್ತದೆ; ಹೆಸರೂ ಓದಿದಷ್ಟೂ ಕುಕೀಸಿನಲ್ಲೇ ಉಳಿಯುತ್ತದೆ. ಒಂದು ಪಾಠ ಮುಗಿಯದೆ ಮುಂದಿನದು ತೆರೆಯುವುದಿಲ್ಲ. ಅತ್ತೆಯ ವೇಗಕ್ಕೆ ಒಂದು ಪಾಠಕ್ಕೆ ಮೂರು ದಿನ ಬೇಕು. ದಿನಾ ಸಂಜೆ ಐದಕ್ಕೆ ಮಾವ ಎಲ್ಲ ಒರೆಸುತ್ತಿದ್ದರು!

ಮೂರು ವಾರ ಅತ್ತೆ ವಿಜ್ಞಾನದ ಮೊದಲ ಪಾಠವನ್ನೇ ಓದಿದರು. ಗುರುತ್ವಾಕರ್ಷಣೆ ಅವರಿಗೆ ಗೊತ್ತಿರುವಷ್ಟು ಭೂಮಿಗೂ ಗೊತ್ತಿರಲಿಕ್ಕಿಲ್ಲ. ಪರೀಕ್ಷೆಯ ಫಾರ್ಮು ತುಂಬಲು ಶನಿವಾರ ಕೊನೆಯ ದಿನ. ಗುರುವಾರ ನಾನು ಹೋದಾಗ ಖಾಲಿ ಫಾರ್ಮು ಮೇಜಿನ ಮೇಲಿತ್ತು.

"ಬ್ಯಾಡಪಾ. ದಿನಾ ಮೊದಲಿಂದ ಓದು ಅಂತದ. ನನ್ನ ತಲಿಯೊಳಗ ಏನೂ ನಿಂದ್ರೂದಿಲ್ಲ ಅಂತ ಅದಕ್ಕೂ ತಿಳದದ" ಎಂದರು ಅತ್ತೆ.

ನಾನು ಮಾವನ ಕಡೆ ತಿರುಗಿದೆ. "ಮಾವಾ, ನೀವು ಕುಕೀಸ್ ಒರಸಿದಾಗ ಅತ್ತೀ ಪಾಠನೂ ಒರಸಿ ಹೋಗ್ತಾವ್ರಿ."

ಅಂದು ಐದಾಯಿತು, ಆರಾಯಿತು. ಟ್ಯಾಬಿನ ಹತ್ತಿರ ಯಾರೂ ಹೋಗಲಿಲ್ಲ.

ನಾನು ರಾತ್ರಿ ಅಲ್ಲೇ ಉಳಿದಿದ್ದೆ. ಮರುದಿನ ಬೆಳಿಗ್ಗೆ ಅತ್ತೆಯ ಕೂಗು ಅಡುಗೆಮನೆಯಲ್ಲಿದ್ದ ಮಾವನಿಗೂ ನನಗೂ ಕೇಳಿಸಿತು. "ರೀ, ಬರ್ರಿ ಇಲ್ಲಿ! ಏನೋ ಬಂದದ, ಓದ್ರಿ. ನನ್ನ ಚಾಳೀಸು ಸಿಗವಲ್ತು." ಚಾಳೀಸು ಅವರ ಮೂಗಿನ ಮೇಲೇ ಇತ್ತು.

ಮಾವ ಬಗ್ಗಿ ಮರಾಠಿಯಲ್ಲಿ ಓದತೊಡಗಿದರು. "ಪುನ್ಹಾ ಸ್ವಾಗತ..." ಅಷ್ಟಕ್ಕೇ ನಿಂತರು. ಮುಂದೆ ಇದ್ದದ್ದು ಅತ್ತೆಯ ಹೆಸರು. ಮದುವೆಯಾದಾಗಿನಿಂದ ಮಾವ ಅವರನ್ನು "ಏ, ಕೇಳಸ್ತೇನು?" ಎಂದು ಕರೆದದ್ದಲ್ಲದೆ ಹೆಸರು ಹಿಡಿದು ಕರೆದದ್ದನ್ನು ಮನೆಯಲ್ಲಿ ಯಾರೂ ಕೇಳಿಲ್ಲ. ಗಂಟಲು ಸರಿಮಾಡಿಕೊಂಡರು. ನನ್ನ ಕಡೆ ನೋಡಿದರು, ಕಿಟಕಿಯ ಕಡೆ ನೋಡಿದರು.

"...ಸುಶೀಲಾ."

ಅತ್ತೆ ಫಾರ್ಮನ್ನು ಹತ್ತಿರಕ್ಕೆ ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದರು.

"ಸರಿಯಾಗಿ ಕೇಳಸಲಿಲ್ರಿ," ಎಂದರು. "ಇನ್ನೊಮ್ಮೆ ಓದ್ರಿ."